ಟೇಪಿನ ಸೊನ್ನೆ ಹಿಡಿಯುವ ಜಂಬಮ್ಮ

ಯಾರಾದರೂ ಎದುರಿಗೆ ನಿಂತು ಒಂದು ಪ್ರಶ್ನೆ ಕೇಳಿದರೆ ನನಗೆ ತಕ್ಷಣ ಉತ್ತರ ಬರುವುದಿಲ್ಲ. ಅವರು ಹೋದ ಮೇಲೆ ಬರುತ್ತದೆ. ಬಸ್ಸಿನಲ್ಲಿ ಕೂತಾಗ, ತಲೆ ಬಾಚಿಕೊಳ್ಳುವಾಗ, ಪೂರ್ತಿ ವಾಕ್ಯವಾಗಿಯೇ ಬರುತ್ತದೆ. ಆಗ ಅದನ್ನು ಡೈರಿಯಲ್ಲಿ ಬರೆದಿಟ್ಟು ಸುಮ್ಮನಾಗುತ್ತೇನೆ. ಈ ಪುರವಣಿಗೆ, ಯಾರ ಕಣ್ಣಿಗೂ ಬೀಳದೆ ದುಡಿಯುವ ಒಬ್ಬರ ಬಗ್ಗೆ ಬರೆದುಕೊಡು ಎಂದು ಸಂಪಾದಕರು ಹೇಳಿದಾಗ ನನಗೆ ಹುಟ್ಟಿದ ಮೊದಲ ಚಿಂತೆ ಅದೇ. ಬೇರೆಯವರನ್ನು ಮಾತಾಡಿಸುವ ಕೆಲಸ ಬಾಯಿಲ್ಲದ ನನ್ನಂಥವಳಿಗೆ ಹೇಗೆ ಸಾಗೀತು? ಹಾಗಾಗಿ ಹೆಚ್ಚು ಮಾತಾಡದ ಒಬ್ಬರನ್ನೇ ಹುಡುಕಿಕೊಂಡೆ. ಕೆಲಸದ ಹೊತ್ತಿನಲ್ಲಿ ಅವರು ಆಡುವುದು ಒಂದೇ ಮಾತು.

"ಸೊನ್ನಿ."

ಕುರುಗೋಡಿನ ಹೊರಗೆ, ಹೊಲ ಒಡೆದು ಸೈಟು ಮಾಡಿದ ಬಯಲಿನಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಗುಡ್ಡದ ಬಂಡೆಗಳು ಕಪ್ಪಗೆ ಕೂತಿವೆ. ಜಂಬಮ್ಮ ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಾಲಿಗಿಡದ ಬುಡದಲ್ಲಿ ಮಂಡಿಯೂರಿ ಕೂತು ಮಣ್ಣು ಕೆರೆಯುತ್ತಿದ್ದಾರೆ. ಒಂದು ಗೇಣು ಆಳಕ್ಕೆ ಹೋದ ಮೇಲೆ ಗಡಿಕಲ್ಲಿನ ತಲೆ ಕಾಣುತ್ತದೆ. ಅಂಗೈಯಿಂದ ಅದನ್ನು ಒರೆಸಿ, ಟೇಪಿನ ತುದಿಯ ಬಳೆಯನ್ನು ಕಲ್ಲಿನ ಮೇಲಿನ ಗೀರಿಗೆ ಒತ್ತಿ ಹಿಡಿದು, ತಲೆ ಎತ್ತದೆ ಕೂಗುತ್ತಾರೆ. ದೂರದಲ್ಲಿ ಟೇಪಿನ ಡಬ್ಬಿ ಹಿಡಿದು ನಿಂತ ಸರ್ವೆಯರ್ ಗವಿಸಿದ್ದೇಶ್ ಆ ಕೂಗು ಕೇಳಿದ ಮೇಲೆಯೇ ಟೇಪು ಬಿಗಿಯುತ್ತಾರೆ, ಅಂಕಿ ಓದುತ್ತಾರೆ, ಬರೆದುಕೊಳ್ಳುತ್ತಾರೆ. ಕೂಗು ಬರುವ ತನಕ ಎಷ್ಟೇ ಬಿಗಿದರೂ ಆ ಅಂಕಿ ಲೆಕ್ಕಕ್ಕಿಲ್ಲ. ಇದು ಅವರಿಬ್ಬರ ನಡುವಿನ ಕಟ್ಟು.

ಸೈಟು, ಮನೆ, ಹೊಲ, ಏನನ್ನೇ ಅಳೆಯಲಿ, ಟೇಪಿಗೆ ಎರಡು ತುದಿ. ಅಂಕಿ ಓದುವ ತುದಿಯಲ್ಲಿ ಸರ್ವೆಯರ್ ಇರುತ್ತಾರೆ. ನಕ್ಷೆಯ ಕೆಳಗೆ ಅವರ ಸಹಿ, ಪರವಾನಗಿ ನಂಬರು, ಮೊಹರು ಬರುತ್ತವೆ. ಸೊನ್ನೆಯ ತುದಿಯಲ್ಲಿ ಮುಳ್ಳು, ಚರಂಡಿ, ಪಕ್ಕದ ಮನೆಯವರ ಬಚ್ಚಲ ನೀರು ಏನಿದ್ದರೂ ಅದರಲ್ಲೇ ಕೂತು ಬಳೆ ಹಿಡಿಯುವವರ ಹೆಸರು ಎಲ್ಲಿಯೂ ಬರುವುದಿಲ್ಲ. ಬಾದನಹಟ್ಟಿಯ ಜಂಬಮ್ಮ ಈ ಬದಿಯ ಊರುಗಳಲ್ಲಿ ಆ ತುದಿಯನ್ನು ಹಿಡಿದುಕೊಂಡೇ ಮುದುಕಿಯಾಗುತ್ತಿದ್ದಾರೆ.

ಬಿಸಿಲು ಏರುವ ಮೊದಲು ಮುಗಿಸಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಮುಟ್ಟಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಜಂಬಮ್ಮನೇ ಹೇಳುತ್ತಾರೆ. ಬೆಳಿಗ್ಗೆ ಎದ್ದ ಹೊಸತರಲ್ಲಿ ಜನ ಜಗಳಕ್ಕೆ ಬರುವುದಿಲ್ಲವಂತೆ. ಚಹಾ ಕುಡಿದು, ನಾಲ್ಕು ಜನ ಸೇರಿದ ಮೇಲೆಯೇ ಅದು ಶುರುವಾಗುವುದು. ಇವತ್ತು ಪಕ್ಕದ ಸೈಟಿನ ಯಜಮಾನ ಹಲ್ಲುಜ್ಜುತ್ತಲೇ ಬಂದು ನಿಂತಿದ್ದಾನೆ. ಒಂದೀಟು ಈ ಕಡಿ ಸರಿಸಿ ಹಿಡಿಯವ್ವ, ಚಾ ಕುಡಿಸ್ತೀನಿ ಎನ್ನುತ್ತಾನೆ. ಜಂಬಮ್ಮ ಬಳೆ ಬಿಡದೆ ಹೇಳುತ್ತಾರೆ.

"ಚಾ ಕುಡಿಸಪ್ಪ, ಕುಡಿತೀನಿ. ಕಲ್ಲಿಗೆ ಚಾ ಕುಡ್ಯೂ ಚಟ ಇಲ್ಲ. ಅದು ಇದ್ದಲ್ಲೇ ಇರತೈತಿ."

ಗವಿಸಿದ್ದೇಶ್ ಅಲ್ಲಿಂದಲೇ ನಗುತ್ತಾರೆ. ಎಲ್ಲರ ಜೊತೆಗೂ ಹೀಗೆ ಇರುವ ಜಂಬಮ್ಮ ಈ ಎರಡು ವಾರದಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಬರಬೇಡ ಎಂದಿಲ್ಲ. ಬುತ್ತಿ ಬಿಚ್ಚಿದಾಗ ಅರ್ಧ ರೊಟ್ಟಿ ಈಗಲೂ ಕೊಡುತ್ತಾರೆ. ಆದರೆ ಮೊದಲಿನ ಹಾಗೆ "ಬರಕೋ ಯವ್ವಾ, ಬರಕೋ" ಎನ್ನುವುದಿಲ್ಲ.

ಅವರ ಗಂಡ ಉಚ್ಚೆಂಗೆಪ್ಪ ಇದೇ ಕೆಲಸ ಮಾಡುತ್ತಿದ್ದರು. ಆಗ ಟೇಪು ಬಂದಿರಲಿಲ್ಲ, ಕಬ್ಬಿಣದ ಸರಪಳಿ. ಅದನ್ನು ಹೆಗಲಿಗೆ ಹಾಕಿಕೊಂಡು ಸರ್ವೆಯರ ಹಿಂದೆ ಊರೂರು ನಡೆಯುವುದು. ಅವರಿಗೆ ಮೊಣಕಾಲು ಹೋದ ಮೇಲೆ ಒಂದು ದಿನ ಬದಲಿಗೆಂದು ಹೋದ ಜಂಬಮ್ಮ ಅಲ್ಲೇ ಉಳಿದರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಹೊಸ ಟೇಪು ತಂದ ದಿನ ಅವರು ಮೊದಲು ನೋಡುವುದು ಸೊನ್ನೆ ಎಲ್ಲಿಂದ ಶುರುವಾಗುತ್ತದೆ ಎಂದು. ಕೆಲವು ಟೇಪಿಗೆ ಬಳೆಯ ಹೊರ ಅಂಚೇ ಸೊನ್ನೆ. ಕೆಲವಕ್ಕೆ ಬಳೆ ದಾಟಿ ಒಳಗೆ ಗೆರೆ ಇರುತ್ತದೆ. ಅದನ್ನು ನೋಡದೆ ಹಿಡಿದವನು ಹಿಡಿದಷ್ಟು ಸಲವೂ ಒಂದು ಬೆರಳಿನಷ್ಟು ತಪ್ಪುತ್ತಾನೆ, ಅಂಕಿ ಓದುವವನಿಗೆ ಗೊತ್ತೇ ಆಗುವುದಿಲ್ಲ.

"ಆ ತುದಿಯಾಗ ಓದಾವರು ತಪ್ಪಿದ್ರ ತಿದ್ದಬೌದು," ಎಂದು ಅವರು ಒಮ್ಮೆ ಹೇಳಿದ್ದರು. "ಈ ತುದಿಯಾಗ ತಪ್ಪಿದ್ರ, ಓದಿದ್ದೆಲ್ಲಾ ಸರಿ ಇದ್ದೂ ತಪ್ಪ."

ಅಳತೆಗೆ ಮೊದಲು ಗವಿಸಿದ್ದೇಶ್ ಮನೆಯವರ ಕಾಗದ ಕೇಳುತ್ತಾರೆ. ಆ ಹೊತ್ತು ನೋಡಲು ನನಗಿಷ್ಟ. ಓದಲು ಬಾರದ ಜಂಬಮ್ಮ ಕಾಗದ ಹೊರಗೆ ಬರುವ ರೀತಿಯಲ್ಲೇ ಅದು ಯಾವುದೆಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಬೀರುವಿನ ಬೀಗ ತೆಗೆದ ಸದ್ದಾಗಿ ಪ್ಲಾಸ್ಟಿಕ್ ಕವರಿನೊಳಗೆ ಬಂದರೆ ಅದು ರಿಜಿಸ್ಟರ್ ಆದ ಕ್ರಯಪತ್ರ. ಅಂಥವರು ಕಾಗದವನ್ನು ಕೈಗೆ ಕೊಡುವುದಿಲ್ಲ, ತಾವೇ ಹಿಡಿದುಕೊಂಡು ತೋರಿಸುತ್ತಾರೆ. ದೇವರ ಫೋಟೋದ ಹಿಂದಿನಿಂದ, ಫೋಟೋ ಅಂಟಿಸಿ ಲ್ಯಾಮಿನೇಶನ್ ಮಾಡಿಸಿದ್ದು ಬಂದರೆ ಸರ್ಕಾರ ಕೊಟ್ಟ ಹಕ್ಕುಪತ್ರ. ಅದು ನಿಜವಾದ ಹಕ್ಕೇ, ಆದರೆ ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತು ಅದರೊಳಗೇ ಇರುತ್ತದೆ, ಓದಿದವರು ಕಡಿಮೆ. ಅಣ್ಣತಮ್ಮಂದಿರು ಸೇರಿ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ ಬಿಚ್ಚಿದರೆ ಅದು ಪಾಲುಪಟ್ಟಿ. ಅಕ್ಕಿಡಬ್ಬಿಯಿಂದ ನಾಲ್ಕು ಮಡಿಕೆಯಾಗಿ ಬಂದರೆ ಅದು ಬಾಂಡ್ ಪೇಪರು: ಇಬ್ಬರು ಸಾಕ್ಷಿ, ಒಂದು ಹೆಬ್ಬೆಟ್ಟು. ಅದು ಕೊಟ್ಟವನ ಮಾತಿಗೆ ಗುರುತು ಅಷ್ಟೆ, ಮನೆಗೆ ಒಡೆತನವಲ್ಲ. ಇನ್ನು ಕೆಲವರು ಪಂಚಾಯತಿಯ ಕಂದಾಯ ರಸೀದಿಗಳನ್ನೇ ಕಟ್ಟು ಕಟ್ಟಿ ತರುತ್ತಾರೆ. ವರ್ಷ ವರ್ಷ ಕಟ್ಟಿದ್ದೇವೆ, ನಮ್ಮ ಹೆಸರೇ ಇದೆ ನೋಡಿ ಎನ್ನುತ್ತಾರೆ. ಹೆಸರಿರುತ್ತದೆ, ನಿಜ. ಆ ಹೆಸರಿನ ಹಿಂದೆ ಇರುವ 'ಅನುಭವದಾರರು' ಎಂಬ ಪದವನ್ನು ಯಾರೂ ಗಮನಿಸಿರುವುದಿಲ್ಲ. ವಾಸ ಇರುವವರು ಎಂದಷ್ಟೇ ಅದರ ಅರ್ಥ.

ಈ ಕೊನೆಯ ಎರಡು ಕಾಗದಗಳ ಬಗ್ಗೆ ಹೇಳುವಾಗ ಜಂಬಮ್ಮನ ದನಿ ಕೆಳಗಿಳಿಯುತ್ತದೆ. ಯಾಕೆಂದರೆ ಅವರ ಮನೆಗೆ ಇರುವುದು ಅವೆರಡೇ.

ಬಾದನಹಟ್ಟಿಯಲ್ಲಿ ಗಾದೆಪ್ಪ ಎಂಬ ರೈತರಿಗೆ ಒಂದು ಕಾಲದಲ್ಲಿ ಸರ್ಕಾರದಿಂದ ಹಕ್ಕುಪತ್ರದ ನಿವೇಶನ ಸಿಕ್ಕಿತ್ತು. ಅವರಿಗೆ ಹಿರಿಯರ ಮನೆ ಇತ್ತು, ಆ ಜಾಗ ಖಾಲಿ ಬಿದ್ದಿತ್ತು. ಬಾಡಿಗೆ ಮನೆಯಲ್ಲಿದ್ದ ಜಂಬಮ್ಮ, ಉಚ್ಚೆಂಗೆಪ್ಪ ಅದನ್ನು ಬಾಂಡ್ ಪೇಪರಿನ ಮೇಲೆ ಕೊಂಡರು. ಮಾರುವಂತಿಲ್ಲದ ಜಾಗ, ಅವಧಿ ಮುಗಿದ ಮೇಲೆ ರಿಜಿಸ್ಟ್ರಿ ಮಾಡಿಸಿಕೊಡುತ್ತೇನೆಂದು ಗಾದೆಪ್ಪ ಮಾತು ಕೊಟ್ಟರು. ಎರಡಂಕಣದ ಮನೆ ಎದ್ದಿತು. ಗೋಡೆಗೆ ಮಣ್ಣು ಕಲಸುವಾಗ ನೀರು ಹೊತ್ತುಕೊಟ್ಟವಳು ಗಾದೆಪ್ಪನವರ ಮಗಳು ಮೀನಾಕ್ಷಿ. ಆಗ ಅವಳಿನ್ನೂ ಲಂಗದ ಹುಡುಗಿ. ಅವಳೂ, ಅವಳ ಅಣ್ಣ ಹುಲಿಗೇಶನೂ ಜಂಬಮ್ಮನನ್ನು ಅಂದಿನಿಂದ ಅತ್ತೆ ಎಂದೇ ಕರೆಯುತ್ತಾರೆ.

ಅವಧಿ ಮುಗಿಯಿತು. ಗಾದೆಪ್ಪ ತಾವಾಗಿಯೇ ಬಾಗಿಲಿಗೆ ಬಂದು, ಬಾ ತಂಗಿ, ಹೋಗಿ ಮುಗಿಸಿಕೊಂಡು ಬರೋಣ ಎಂದರು. ಅದು ಮೆಣಸಿನಕಾಯಿ ಬಿಡಿಸುವ ದಿನ. ಆಮೇಲೆ ಹೋದರಾಯಿತು ಎಂದರು ಜಂಬಮ್ಮ. ಇನ್ನೊಮ್ಮೆ ಕರೆದಾಗ ಸಿರುಗುಪ್ಪದ ಕಡೆ ದೊಡ್ಡ ಅಳತೆ ಇತ್ತು. ಮತ್ತೊಮ್ಮೆ ಕರೆದಾಗ ಉಚ್ಚೆಂಗೆಪ್ಪ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಜಂಬಮ್ಮನಿಗೆ ಅದು ಅವಸರದ ಕೆಲಸವೆಂದೇ ಅನ್ನಿಸಲಿಲ್ಲ. ರಸೀದಿಯ ಮೇಲೆ ಹೆಸರಿದೆ ಎಂದು ಪಂಚಾಯತಿಯ ಬಿಲ್ ಕಲೆಕ್ಟರ್ ಓದಿ ಹೇಳಿದ್ದನಲ್ಲ. ಗಾದೆಪ್ಪನವರೂ ಕರೆದು ಕರೆದು ಸುಮ್ಮನಾದರು. ಒಂದು ಬೇಸಿಗೆಯಲ್ಲಿ ಹೋಗಿಯೂಬಿಟ್ಟರು.

"ಮಂದಿ ಕಲ್ಲೆಲ್ಲಾ ಮುಟ್ಟಿ ನೋಡೀನಿ," ಎನ್ನುತ್ತಾರೆ ಜಂಬಮ್ಮ. "ನನ್ನ ಕಾಗದ ಒಂದು ಮುಟ್ಟಿ ನೋಡಲಿಲ್ಲ. ಒಂದು ಸಹಿ ಯವ್ವಾ. ಮನಿತನಕ ಬಂದಿತ್ತು. ನಾಳಿ ಬಾ ಅಂತ ಕಳಿಸಿದೆ."

ಮಗಳು ಅರುಣಾ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಯುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುವ ಬದಲು ಮನೆಯಲ್ಲೇ ಎರಡು ಮಷೀನು ಹಾಕೋಣವೆಂದು ಬ್ಯಾಂಕಿಗೆ ಹೋದಾಗ, ಮನೆಯ ಇ-ಸ್ವತ್ತು, ಅಂದರೆ ಪಂಚಾಯತಿ ಕೊಡುವ ಒಡೆತನದ ದಾಖಲೆ, ತನ್ನಿ ಎಂದರು. ಇ-ಸ್ವತ್ತಿಗೆ ಪಂಚಾಯತಿಗೆ ಹೋದರೆ ಮೂಲ ಮಾಲೀಕರು ಗಾದೆಪ್ಪ, ಅವರ ವಾರಸುದಾರರೆಲ್ಲ ಸೇರಿ ನಿಮಗೆ ರಿಜಿಸ್ಟರ್ ಮಾಡಿಕೊಡಬೇಕು ಎಂದರು. ಅದಕ್ಕೆ ಮೊದಲು ವಂಶವೃಕ್ಷ ಬೇಕು. ಸತ್ತವರಿಗೆ ಯಾರು ಯಾರು ಹೆಂಡತಿ ಮಕ್ಕಳು ಎಂದು ಗ್ರಾಮ ಆಡಳಿತಾಧಿಕಾರಿ ಊರಿನಲ್ಲಿ ವಿಚಾರಿಸಿ, ನೆರೆಹೊರೆಯವರ ಸಹಿ ಪಡೆದು ಕೊಡಿಸುವ ಕಾಗದ ಅದು.

ಹುಲಿಗೇಶ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಒರಟ, ಆದರೆ ಮಾತಿಗೆ ತಪ್ಪುವವನಲ್ಲ. ಜಂಬಮ್ಮ ಅಳುಕುತ್ತ ಹೋಗಿ ಕೇಳಿದಾಗ ಒಂದೇ ಮಾತಿಗೆ ಒಪ್ಪಿದನಂತೆ. ನಮ್ಮಪ್ಪ ಕೊಟ್ಟ ಮಾತು ಅತ್ತಿ, ನನಗೇನೂ ಬ್ಯಾಡ ಎಂದನಂತೆ. ಅರ್ಜಿಯನ್ನೂ ತಾನೇ ಹಾಕಿದ. ಅರ್ಜಿಯಲ್ಲಿ ಗಾದೆಪ್ಪನವರಿಗೆ ಒಬ್ಬನೇ ಮಗ, ಬೇರೆ ಮಕ್ಕಳಿಲ್ಲ ಎಂದು ಬರೆಸಿದ.

ನನಗೆ ಇದು ಗೊತ್ತಾದದ್ದು ಹಚ್ಚೊಳ್ಳಿಗೆ ಹೋದ ದಿನ. ಅಲ್ಲಿ ಇಬ್ಬರು ಅಣ್ಣತಮ್ಮಂದಿರ ಮನೆ ಪಾಲಿನ ಅಳತೆಯಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಟ್ರ್ಯಾಕ್ಟರುಗಳು ಕೆಸರು ಹೊತ್ತುಕೊಂಡು ಓಡಾಡುತ್ತಿದ್ದವು. ಕೆಲಸ ಮುಗಿದ ಮೇಲೆ ಜಂಬಮ್ಮ, ಬಾ ಯವ್ವಾ, ಇಲ್ಲೊಂದು ನಮ್ಮವರ ಮನಿ ಐತಿ ಎಂದು ಕರೆದುಕೊಂಡು ಹೋದರು. ಮೀನಾಕ್ಷಿಯ ಮನೆ. ಅವಳು ಅತ್ತೆಯನ್ನು ಕಂಡು ಹಿಗ್ಗಿಹೋದಳು. ಒಗ್ಗರಣೆ ಮಂಡಕ್ಕಿ ಕಲಸಿ, ಮಿರ್ಚಿ ಕರಿದು, ಬೇಡವೆಂದರೂ ಬಡಿಸುತ್ತಲೇ ಹೋದಳು. ಕೇಳಿದ್ದೆಲ್ಲ ಬಾದನಹಟ್ಟಿಯದೇ. ಬಚ್ಚಲ ಪಕ್ಕದ ನಿಂಬೆಗಿಡ ಇದೆಯಾ, ತಾನು ನೀರು ಹೊತ್ತು ಕಟ್ಟಿಸಿದ ಗೋಡೆ ಹಾಗೇ ಇದೆಯಾ, ಅಣ್ಣ ಬೀಡಿ ಬಿಟ್ಟನಾ. ಜಗಲಿಕಟ್ಟೆಯ ಒಂದು ಮೂಲೆ ತೋರಿಸಿ, ಅವ್ವ ಕಡೀತನಕ ಕುಂದ್ರುತ್ತಿದ್ದದ್ದು ಅಲ್ಲೇ ಎಂದಳು. ಅರ್ಜಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಜಂಬಮ್ಮ ಹೇಳಲೂ ಇಲ್ಲ.

ಸಿರುಗುಪ್ಪಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಹೇಳಿದರು. ಗಾದೆಪ್ಪನವರು ಹೋದ ಮೇಲೆ ಅವರ ಹೆಂಡತಿ ಊರಮ್ಮ ಮಗಳನ್ನು ನೋಡಿ ಬರುತ್ತೇನೆಂದು ಹಚ್ಚೊಳ್ಳಿಗೆ ಬಂದರು. ಕಾಯಿಲೆ ಬಿದ್ದರು, ಅಲ್ಲೇ ತೀರಿಕೊಂಡರು. ಊರಿಗೆ ಒಯ್ಯುತ್ತೇನೆಂದು ಹುಲಿಗೇಶ ಟ್ರ್ಯಾಕ್ಟರ್ ತರುವಷ್ಟರಲ್ಲಿ, ಹೊತ್ತು ಮೀರಿತೆಂದು ಇಲ್ಲಿಯವರು ಮಣ್ಣು ಮಾಡಿ ಮುಗಿಸಿದ್ದರು. ಹೆತ್ತವ್ವನನ್ನು ಇಟ್ಟುಕೊಳ್ಳಲಾಗದೆ ಕಳಿಸಿದ ಎಂದು ಬಾದನಹಟ್ಟಿಯಲ್ಲಿ ಆಡಿಕೊಂಡರು. ಅಂದಿನಿಂದ ಅವನ ಬಾಯಲ್ಲಿ ತಂಗಿಯ ಹೆಸರಿಲ್ಲ.

"ಅತ್ತಿ, ನಮ್ಮವ್ವಗ ಒಂದು ಹಿಡಿ ಮಣ್ಣು ಹಾಕಾಕ ಬಿಡಲಿಲ್ಲ ಆಕಿ, ಅಂತಾನ," ಎಂದರು ಜಂಬಮ್ಮ. "ಆಕಿ ಹೆಸರು ಬಂದ ಕಾಗದಕ್ಕ ನಾ ಸಹಿ ಹಾಕಂಗಿಲ್ಲ, ಅಂತಾನ. ಅವಂದೂ ಸುಳ್ಳಲ್ಲ ಯವ್ವಾ. ಆ ದಿನ ಅವ ಟ್ರ್ಯಾಕ್ಟರಿನ್ಯಾಗ ಕುಂತು ಅತ್ತಿದ್ದು ನಾ ನೋಡೀನಿ."

ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳಿದರು. "ಆಕಿ ಬಡಿಸಿದ್ಲು, ನಾ ತಿಂದೆ. ಹೇಳಾಕ ಬಾಯಿ ಬರಲಿಲ್ಲ ನೋಡು."

ನಾನು ಏನಾದರೂ ಹೇಳಬೇಕಿತ್ತು. ಮೀನಾಕ್ಷಿಯನ್ನೇ ಒಮ್ಮೆ ಕೇಳಿ ನೋಡೋಣ, ಅವಳು ಸಂತೋಷದಿಂದ ಸಹಿ ಹಾಕಿಯಾಳು ಎನ್ನಬಹುದಿತ್ತು. ಗವಿಸಿದ್ದೇಶ್ ಅವರಿಂದ ಹುಲಿಗೇಶನಿಗೆ ಹೇಳಿಸೋಣ ಎನ್ನಬಹುದಿತ್ತು. ಈ ಮಾತುಗಳೆಲ್ಲ ನನಗೆ ಹೊಳೆದದ್ದು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಆಟೋದಲ್ಲಿ ಕೋಟೆಗುಡ್ಡದ ಕೆಳಗೆ ಹಾದುಹೋಗುವಾಗ. ಜಂಬಮ್ಮ ಅಷ್ಟರಲ್ಲಿ ಕುರುಗೋಡಿನ ಬಸ್ಸು ಹತ್ತಿ ಹೋಗಿದ್ದರು. ಮನೆಗೆ ಬಂದು ಬರೆದಿಟ್ಟೆ. ಆಮೇಲೆ ಎರಡು ಸಲ ಅವರ ಜೊತೆ ಕೆಲಸಕ್ಕೆ ಹೋದಾಗಲೂ ಅದನ್ನು ಹೇಳಲು ಹೊತ್ತು ಕೂಡಿಬರಲಿಲ್ಲ, ಅಥವಾ ಕೂಡಿಬರಲು ನಾನು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಹೇಳಿದ್ದರೆ ಎಲ್ಲವೂ ಇಷ್ಟು ಬಿಗಿಯುತ್ತಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ.

ಜಂಬಮ್ಮನ ಕೆಲಸವೂ ಇನ್ನು ಹೆಚ್ಚು ದಿನ ಇರುವಂತೆ ಕಾಣುವುದಿಲ್ಲ. ಗವಿಸಿದ್ದೇಶ್ ಉಪಗ್ರಹದಿಂದ ಅಳೆಯುವ ಕೋಲು ತಂದಿದ್ದಾರೆ. ಅದನ್ನು ಮೂಲೆಯಲ್ಲಿ ನಿಲ್ಲಿಸಿದರೆ ಸಾಕು, ಇನ್ನೊಂದು ತುದಿಗೆ ಯಾರೂ ಬೇಡ. ಹೊಲಗಳಿಗೆ ಈಗ ಅದೇ. ಓಣಿಯ ಇಕ್ಕಟ್ಟಿನ ಮನೆಗಳಿಗೆ ಮಾತ್ರ ಇನ್ನೂ ಟೇಪು ಬೇಕಾಗುತ್ತದೆ. ಜಂಬಕ್ಕನನ್ನು ಬಿಡುವ ಮಾತೇ ಇಲ್ಲ ಎಂದು ಅವರು ನನ್ನೆದುರು ಗಟ್ಟಿಯಾಗಿ ಹೇಳಿದರು. ಜಂಬಮ್ಮ ಕೋಲನ್ನು ಮೇಲಿನಿಂದ ಕೆಳಗೆ ನೋಡಿದರು.

"ಚೊಲೋ ಐತಿ ಸರ. ಕೂಗಂಗಿಲ್ಲ, ರೊಟ್ಟಿ ಬೇಡಂಗಿಲ್ಲ," ಎಂದರು.

ನಿಮಗೆ ಏನು ಆಸೆ ಎಂದು ಇಂಥ ಬರಹಗಳಲ್ಲಿ ಕೇಳಬೇಕಂತೆ. ಬರೆದುಕೊಂಡು ಹೋಗಿ ಓದಿ ಕೇಳಿದೆ. ಜಂಬಮ್ಮ ಚಕ್ಕುಬಂದಿಯ ಮಾತು ತೆಗೆದರು. ಎಲ್ಲ ಮನೆಪತ್ರಗಳಲ್ಲೂ ಚಕ್ಕುಬಂದಿ ಎಂದು ಬರೆಯುತ್ತಾರಲ್ಲ, ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಮನೆ ಎಂದು. ಅಳತೆಗೆ ಹೋದಲ್ಲೆಲ್ಲ ಗವಿಸಿದ್ದೇಶ್ ಅದನ್ನು ಗಟ್ಟಿಯಾಗಿ ಓದುವುದನ್ನು ಅವರು ಕೇಳುತ್ತ ಬಂದಿದ್ದಾರೆ. ಬಾದನಹಟ್ಟಿಯಲ್ಲಿ ಅವರ ಪಕ್ಕದ ಮನೆ ಮಾರಾಟವಾದಾಗಲೂ ಕೇಳಿದರು. ಅದರಲ್ಲಿ, ಪಶ್ಚಿಮಕ್ಕೆ ಗಾದೆಪ್ಪನ ಮನೆ ಎಂದೇ ಇತ್ತು. ಅಷ್ಟು ವರ್ಷದಿಂದ ಅಲ್ಲಿ ಒಲೆ ಹಚ್ಚುತ್ತಿರುವುದು ಇವರು.

"ನನ್ನ ಕಾಗದ ಬರೂದು ಆಮ್ಯಾಲ ಇರ್ಲಿ," ಎಂದರು. "ಬಾಜೂದವರ ಕಾಗದದಾಗಾದ್ರೂ ಒಮ್ಮಿ ಬರೀಲಿ. ಪಶ್ಚಿಮಕ್ಕ ಜಂಬಮ್ಮನ ಮನಿ ಅಂತ. ಅಷ್ಟ ಕೇಳಿ ಸಾಯ್ತೀನಿ."

ಈ ಬರಹದ ಜೊತೆ ಜಂಬಮ್ಮ ತಮ್ಮ ಮನೆಯ ಮುಂದೆ ಹೊಸ ಕಾಗದ ಹಿಡಿದು ನಿಂತ ಫೋಟೋ ಹಾಕಬೇಕೆಂದಿದ್ದೆ. ಆ ಫೋಟೋ ಇಲ್ಲ. ಎರಡು ವಾರದ ಹಿಂದೆ ಅರ್ಜಿ ವಾಪಸಾಗಿದೆ. ಎಲ್ಲ ವಾರಸುದಾರರ ಹೆಸರು ಸೇರಿಸಿ ಮತ್ತೆ ಹಾಕಬೇಕಂತೆ. ಹುಲಿಗೇಶ ಮತ್ತೆ ಹಾಕಿಲ್ಲ. ಜಂಬಮ್ಮ ಎದುರಾದರೆ ಟ್ರ್ಯಾಕ್ಟರ್ ನಿಲ್ಲಿಸುವುದಿಲ್ಲ. ಸುದ್ದಿ ತಿಳಿದ ಮೀನಾಕ್ಷಿ, ಯಾವಾಗ ಕರೆದರೂ ಬಂದು ಸಹಿ ಹಾಕುತ್ತೇನೆ, ನನಗೆ ಅದರಲ್ಲಿ ಏನೂ ಬೇಡ ಎಂದು ಹೇಳಿ ಕಳಿಸಿದ್ದಾಳೆ. ಆದರೆ ಅಣ್ಣನ ಸಹಿ ಇಲ್ಲದೆ ತಂಗಿಯ ಸಹಿಯಿಂದ ಏನೂ ಆಗುವುದಿಲ್ಲ. ಅರುಣಾ ಈಗಲೂ ಬಳ್ಳಾರಿಯ ಬಸ್ಸಿಗೇ ಓಡುತ್ತಾಳೆ.

ಇಷ್ಟಕ್ಕೆಲ್ಲ ಕಾರಣವಾದದ್ದು ನಾನು ಆಡಿದ ಒಂದು ಮಾತು. ಅದು ತಪ್ಪೆಂದು ನನಗೆ ಅನ್ನಿಸಿಲ್ಲ. ಆಡದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಮಾತ್ರ ಅರುಣಾಳನ್ನು ಕಂಡಾಗಲೆಲ್ಲ ಅನ್ನಿಸಿದೆ. ಇದನ್ನು ಅಚ್ಚಿಗೆ ಕೊಡಲೋ ಬೇಡವೋ ಎಂದು ಇವತ್ತು, ಕುರುಗೋಡಿನ ಬಯಲಿನಲ್ಲಿ ಅಳತೆ ಮುಗಿದ ಮೇಲೆ, ಜಂಬಮ್ಮನನ್ನೇ ಕೇಳುತ್ತೇನೆ. ಅವರು ಟೇಪನ್ನು ಹಳೆಯ ಬಟ್ಟೆಯಿಂದ ಒರೆಸಿ ಸುತ್ತುತ್ತಿದ್ದಾರೆ. ಪೂರ್ತಿ ಸುತ್ತಿ ಕೆಳಗಿಡುತ್ತಾರೆ.

"ಬರಿ," ಎನ್ನುತ್ತಾರೆ. "ನನ್ನ ಬಗ್ಗಿ ಬರೇ ಚೊಲೋದು ಬರಿಬ್ಯಾಡ. ಆವತ್ತು ನಾ ಸೊನ್ನಿ ಅನಲಿಲ್ಲ. ಅದನ್ನೂ ಬರಿ."

ಹಾಗಾಗಿ ಆವತ್ತಿನದನ್ನು ಬರೆಯುತ್ತಿದ್ದೇನೆ.

ಬಾದನಹಟ್ಟಿ, ಜಂಬಮ್ಮನ ಮನೆಯ ಮುಂದೆ. ಬೆಳಗಿನ ಬಿಸಿಲು ಇನ್ನೂ ನಿಂಬೆಗಿಡದ ತಲೆಯ ಮೇಲಿದೆ. ಗ್ರಾಮ ಆಡಳಿತಾಧಿಕಾರಿ ವಂಶವೃಕ್ಷದ ವಿಚಾರಣೆಗೆ ಬಂದಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ನನ್ನದೇ ವಯಸ್ಸು. ಹೇಗೂ ಎಲ್ಲರೂ ಸೇರಿದ್ದಾರೆ ಎಂದು ಗವಿಸಿದ್ದೇಶ್ ಮನೆಯ ನಕ್ಷೆಗೆ ಅಳತೆಯನ್ನೂ ಇವತ್ತೇ ಇಟ್ಟುಕೊಂಡಿದ್ದಾರೆ. ಜಂಬಮ್ಮನ ಮನೆಗೆ ಟೇಪು ಹಿಡಿಯುತ್ತಿರುವುದು ಇದೇ ಮೊದಲು. ಸೊನ್ನೆ ಹಿಡಿಯಲು ಬೇರೆಯವರನ್ನು ಕರೆಯಲೇನು ಎಂದು ಗವಿಸಿದ್ದೇಶ್ ತಮಾಷೆ ಮಾಡುತ್ತಾರೆ. ಇಂದು ಜಂಬಮ್ಮನ ಮೈಮೇಲೆ ಗಂಡನ ಅಂಗಿ ಇಲ್ಲ. ಹೊಸ ಇಳಕಲ್ ಸೀರೆ. ಮಣ್ಣಾಗುತ್ತದೆಂದು ಅರುಣಾ ಗದರಿದರೂ ಮೂಲೆಯಲ್ಲಿ ಮಂಡಿಯೂರಿ ಕೂತು ಬಳೆಯನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದಿದ್ದಾರೆ.

ಹುಲಿಗೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಾನೆ. ಎಲ್ಲರಿಗೂ ಚಹಾ ತರಿಸಿದ್ದಾನೆ. ಅತ್ತಿ, ಇವತ್ತಿಗೆ ನಮ್ಮಪ್ಪನ ಋಣ ತೀರ್ತು ನೋಡು ಎಂದು ಅವನು ಹೇಳಿದಾಗ ಜಂಬಮ್ಮನ ಕಣ್ಣು ತುಂಬಿದ್ದನ್ನು ನಾನು ನೋಡುತ್ತೇನೆ.

ಸಾಕ್ಷಿಗೆ ಬಂದ ಓಣಿಯ ಹಿರಿಯರಿಬ್ಬರಿಗೆ ಓದಲು ಬಾರದು. ಮೇಡಂ, ನೀವು ಡಿಗ್ರಿ ಓದೀರಿ, ಒಮ್ಮಿ ಎಲ್ಲಾರಿಗೂ ಕೇಳೂ ಹಂಗ ಓದಿಬಿಡ್ರಿ ಎಂದು ಅಧಿಕಾರಿ ಕಾಗದವನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಓದುತ್ತೇನೆ. ಮೃತ ಗಾದೆಪ್ಪ. ಅವರ ಹೆಂಡತಿ, ಮೃತ ಊರಮ್ಮ. ಅವರ ಮಗ ಹುಲಿಗೇಶ್. ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಖಾಲಿ ಜಾಗ, ಅದರ ಕೆಳಗೆ ಸಹಿಗೆ ಗೆರೆಗಳು.

ಇಷ್ಟೇನಾ, ಬ್ಯಾರೆ ಯಾರೂ ಮಕ್ಕಳಿಲ್ಲಲ್ಲ ಎಂದು ಅಧಿಕಾರಿ ಕೇಳುತ್ತಾರೆ. ಎಲ್ಲರನ್ನೂ ಕೇಳುವ ವಾಡಿಕೆಯ ಪ್ರಶ್ನೆ. ಹಿರಿಯರಿಬ್ಬರೂ ಚಹಾದ ಲೋಟ ನೋಡುತ್ತಾರೆ. ಹುಲಿಗೇಶ ನಿಂಬೆಗಿಡದ ಎಲೆಯೊಂದನ್ನು ಕಿತ್ತು ಹರಿಯುತ್ತಿದ್ದಾನೆ. ಟೇಪು ಬಿಗಿಯಲು ಕಾಯುತ್ತಿರುವ ಗವಿಸಿದ್ದೇಶ್ ಆ ತುದಿಯಿಂದ, 'ಜಂಬಕ್ಕಾ' ಎಂದು ಕರೆಯುತ್ತಾರೆ. ಬಳೆ ಗೋಡೆಗೆ ಕೂತಿದೆ. ಸೊನ್ನೆ ಸರಿಯಾಗಿದೆ. ಜಂಬಮ್ಮ ಕೂಗುವುದಿಲ್ಲ. ಮೀನಾಕ್ಷಿ ನೀರು ಹೊತ್ತ ಗೋಡೆಗೆ ಹಣೆ ತಾಗುವಷ್ಟು ಬಾಗಿ ಕೂತಿದ್ದಾರೆ. ಅಧಿಕಾರಿ ಮತ್ತೊಮ್ಮೆ ಕೇಳುತ್ತಾರೆ, ಈ ಸಲ ನನ್ನ ಮುಖ ನೋಡಿ, ಯಾಕೆಂದರೆ ನಾನು ಕಾಗದ ವಾಪಸು ಕೊಟ್ಟಿಲ್ಲ. ಉತ್ತರ ನನ್ನ ಬಾಯಲ್ಲೇ ಇದೆ. ಎಂದೂ ಬಸ್ಸಿನ ತನಕ ಕಾಯುವ ಅದು ಇವತ್ತು ಕಾಯುವುದಿಲ್ಲ.

"ಒಬ್ಬಾಕಿ ಮಗಳದಾಳ್ರಿ," ಎನ್ನುತ್ತೇನೆ. "ಮೀನಾಕ್ಷಿ ಅಂತ. ಹಚ್ಚೊಳ್ಳ್ಯಾಗ ಅದಾಳ."